ತಮ್ಮನ ಕಿವಿಗೆ ಒಲಿದ ಜಪಾನಿ ಕಾರು

ಎಪ್ಪತ್ತರ ದಶಕದ ನಡುವಿನ ವರ್ಷಗಳು. ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ನಮ್ಮದೊಂದು ಗ್ಯಾರೇಜ್ ಇತ್ತು. ಅಲ್ಲಿ ದುಡಿಯುತ್ತಿದ್ದವರು ನಾನು ಮತ್ತು ನನಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮ, ಇಬ್ಬರೇ. ಅವನಿಗೆ ನಟ್ಟು ಬಿಚ್ಚುವ ಪಾನಾ ಹಿಡಿಯಲು ಕಲಿಸಿದವನು ನಾನೇ. ಗಿರಾಕಿಗಳಿಗೆ ನಾನು ಮೇಸ್ತ್ರಿ, ಅವನು ಮೇಸ್ತ್ರಿಯ ತಮ್ಮ. ಅದು ನನಗೆ ಬಹಳ ಹಿಡಿಸಿತ್ತು.

ಒಂದು ದಿನ ತಿಕೋಟಾದ ಡಾಕ್ಟರೊಬ್ಬರು ಕೆಂಪು ಬಣ್ಣದ ಜಪಾನಿ ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದರು. ಮುಂಬಯಿಯಲ್ಲಿದ್ದ ಅವರ ಭಾವ ಅವರಿಗೆ ಕೊಟ್ಟ ಕಾರಂತೆ. ಎರಡೇ ಸೀಟು, ಮಡಚಿಡುವ ಕ್ಯಾನ್ವಾಸ್ ಛಾವಣಿ, ನಾಲ್ಕು ಸಿಲಿಂಡರಿಗೆ ಪೆಟ್ರೋಲು, ಗಾಳಿ ಬೆರೆಸುವ ನಾಲ್ಕು ಕಾರ್ಬುರೇಟರು. ಮೂರು ದಿನ ಬಿಚ್ಚಿದೆ, ತೊಳೆದೆ, ಜೋಡಿಸಿದೆ. ಎಂಜಿನ್ ಕೆಮ್ಮುವುದು ನಿಲ್ಲಲಿಲ್ಲ.

ತಮ್ಮ ಒಂದು ರಬ್ಬರ್ ನಳಿಕೆ ತಂದ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ. ನಾಲ್ಕೂ ಒಂದೇ ಸಮ ಗಾಳಿ ಎಳೆಯುವವರೆಗೆ ಸ್ಕ್ರೂ ತಿರುಗಿಸುತ್ತ ಕೂತ. ಅರ್ಧ ತಾಸಿನಲ್ಲಿ ಎಂಜಿನ್ ಹದಕ್ಕೆ ಬಂತು. ಡಾಕ್ಟರು ಅವನ ಎಣ್ಣೆಗೈಯನ್ನೇ ಹಿಡಿದು ಕುಲುಕಿದರು. ನನ್ನ ಎರಡೂ ಕೈಗಳು ಅಷ್ಟೇ ಎಣ್ಣೆಯಾಗಿದ್ದವು. ಅತ್ತ ಯಾರೂ ನೋಡಲಿಲ್ಲ.

ಅಂದಿನಿಂದ ಡಾಕ್ಟರು ಬಾಗಿಲಲ್ಲೇ ಕೇಳುವರು: "ಸಣ್ಣ ಮೇಸ್ತ್ರಿ ಅದಾನೇನ್ರಿ?" ಆ ಮಾತು ಕೇಳಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಮುಂದೊಮ್ಮೆ ತಮ್ಮ ತನ್ನ ಹೆಂಡತಿಯ ತವರಾದ ಹೊನವಾಡಕ್ಕೆ ಹೋಗಿದ್ದಾಗ ಡಾಕ್ಟರು ಆಯಿಲ್ ಬದಲಿಸಲು ಬಂದರು. "ಅಂವಾ ಇಲ್ಲಂದ್ರ ನಾಳೆ ಬರ್ತೇನಿ" ಅಂದರು.

"ಆಯಿಲ್ ಬದಲಿ ಮಾಡಾಕೂ ನಾ ಬ್ಯಾಡೇನ್ರಿ?" ಅಂದೆ. ಅವರು ನಾಚಿ ಒಳಗೆ ಕೂತರು. ಆಯಿಲ್ ಬದಲಿಸಿದೆ, ಫಿಲ್ಟರ್ ಹಾಕಿದೆ, ಪ್ಲಗ್ಗು ಒರೆಸಿದೆ. ಆಮೇಲೆ ಮೂರನೆಯ ಕಾರ್ಬುರೇಟರಿನ ಸ್ಕ್ರೂವನ್ನು ಒಂದೂವರೆ ಸುತ್ತು ಸಡಿಲಿಸಿದೆ. ತಮ್ಮನ ಕೆಲಸ ಕಚ್ಚಾ ಎಂದು ಅವರಿಗೆ ಅನಿಸಬೇಕು, ಅಷ್ಟೇ ನನ್ನ ಆಸೆ.

ಎರಡು ದಿನ ಕಳೆದು ಡಾಕ್ಟರು ಬಸ್ಸಿನಲ್ಲಿ ಬಂದರು. ತಮ್ಮನೂ ಊರಿಂದ ಬಂದಿದ್ದ. "ಬಬಲೇಶ್ವರದಾಗ ಒಬ್ಬಾಕಿ ಹೆರಿಗಿ ಬ್ಯಾನಿ ತಿನ್ನಾಕತ್ತಿದ್ಲು. ಕಾರು ನಡು ದಾರ್‍ಯಾಗ ನಿಂತಬಿಡ್ತು. ಎತ್ತಿನ ಬಂಡ್ಯಾಗ ಹೋಗಿ ಮುಟ್ಟಿದೆ" ಅಂದರು ಡಾಕ್ಟರು.

ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಕೇಳಿದೆ. "ಆಕಿ ಹ್ಯಾಂಗದಾಳ್ರಿ?"

"ದೇವರು ದೊಡ್ಡಾಂವ. ತಾಯಿ, ಕೂಸು ಇಬ್ರೂ ಆರಾಮ ಅದಾರ."

ಮೂವರೂ ಕಾರು ನಿಂತಲ್ಲಿಗೆ ಹೋದೆವು. ತಮ್ಮ ಬಾನೆಟ್ ಎತ್ತಿದ. ಕಪ್ಪಾದ ಪ್ಲಗ್ಗು ನೋಡಿದ, ಸ್ಕ್ರೂ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ನಂದ ತಪ್ಪರಿ ಸಾಹೇಬ್ರ. ಹೋದ ಸಲ ಸರಿಯಾಗಿ ಕೂಡಿಸಿದ್ದಿಲ್ಲ" ಅಂದ.

ಆಗ ನಾಚಿಕೆಯಾಯಿತು, ನಿಜ. ಆದರೆ ಮೊದಲು ಆದದ್ದು ನಾಚಿಕೆಯಲ್ಲ. ಇಷ್ಟು ದೊಡ್ಡ ಮನಸ್ಸೂ ಇವನಿಗೇ ಬರಬೇಕೇ ಎಂದು ಹೊಟ್ಟೆ ಉರಿಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವನೇ ಕೇಳಿದ. "ಯಾಕ ಮಾಡಿದಿ ಅಣ್ಣಾ?"

"ನಿನ್ನ ಕಂಡ್ರ ಹೊಟ್ಟಿಕಿಚ್ಚು ಬರ್ತದ" ಅಂದೆ.

ಅವನು ನನ್ನ ಕಡೆ ತಿರುಗಿ ಕೂತ. "ಹಂಗಿದ್ರ ನನ್ನ ಬೈ, ಬೇಕಾದ್ರ ಹೊಡಿ. ಗಾಡಿ ಕೆಡಸಬ್ಯಾಡ. ಅದರಾಗ ಮಂದಿ ಕೂಡ್ತಾರ."

ಮರುದಿನ ಒಬ್ಬನೇ ತಿಕೋಟಾಕ್ಕೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಕೂಡ್ರಿ ಅಂತಲೂ ಅನ್ನಲಿಲ್ಲ. "ಇನ್ನ ಮ್ಯಾಲ ನನ್ನ ಕಾರಿಗೆ ನೀವು ಕೈ ಹಚ್ಚಬ್ಯಾಡ್ರಿ" ಅಂದು ಮುಂದಿನ ರೋಗಿಯನ್ನು ಕರೆದರು.

ಮರುವರ್ಷ ತಮ್ಮ ಇಟ್ಟಂಗಿಹಾಳದ ದಾರಿಯಲ್ಲಿ ಸ್ವಂತ ಗ್ಯಾರೇಜ್ ಹಾಕಿದ. ಪೂಜೆಗೆ ನನ್ನನ್ನೇ ಮುಂದೆ ಕೂಡಿಸಿದ. ನಾನು ಅವನಿಗೊಂದು ಪಾನಾ ಸೆಟ್ ಕೊಟ್ಟೆ. ಮನೆಯಲ್ಲಿದ್ದ ಎರಡರಲ್ಲಿ ಹಳೆಯದನ್ನು. ಆಮೇಲೂ ಎಷ್ಟೋ ವರ್ಷ ಗಿರಾಕಿಗಳು ನನ್ನ ಬಾಗಿಲಿಗೆ ಬಂದು ಅವನ ಗ್ಯಾರೇಜಿನ ದಾರಿ ಕೇಳುತ್ತಿದ್ದರು. ಸರಿಯಾದ ದಾರಿಯನ್ನೇ ತೋರಿಸುತ್ತಿದ್ದೆ. ಎದ್ದು ನಿಂತು ಮಾತ್ರ ತೋರಿಸುತ್ತಿರಲಿಲ್ಲ.