ಹೋಳಿಗೆ ತಿಂದವರ ಅಭಿಪ್ರಾಯ

ನಮ್ಮ ಕಡೆ ಡಬ್ಬಿಯನ್ನು ಖಾಲಿ ಕಳಿಸುವ ಪದ್ಧತಿಯಿಲ್ಲ. ನೆರೆಯವರು ಪಲ್ಯ ಕೊಟ್ಟ ಬಟ್ಟಲನ್ನು ತೊಳೆದು ಒರೆಸಿ, ಮನೆಯಲ್ಲಿ ಬೇರೇನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನೋ ಒಂದು ನಿಂಬೆಹಣ್ಣನ್ನೋ ಇಟ್ಟು ಹಿಂದಿರುಗಿಸಬೇಕೆಂದು ಮಾನ್ವಿಯ ತವರಿನಲ್ಲಿ ಅವ್ವ ಕಲಿಸಿದ್ದನ್ನು, ರಾಯಚೂರಿಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ನಾನು ಬಿಟ್ಟಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಅಡುಗೆಮನೆಗೆ ಬಂದರೆ, ಕಟ್ಟೆಯ ಮೇಲೆ ಸಾಲಾಗಿ ಕುಳಿತ ಸ್ಟೀಲ್ ಡಬ್ಬಿಗಳಲ್ಲಿ ಯಾವುದು ನಮ್ಮದು, ಯಾವುದು ಯಾರದು ಎಂದು ಒಮ್ಮೊಮ್ಮೆ ನನಗೇ ತಿಳಿಯುವುದಿಲ್ಲ; ಇಷ್ಟು ಮನೆಗಳ ಪ್ರೀತಿ ನಮ್ಮ ಮನೆಯಲ್ಲಿ ಬಂದು ಕುಳಿತಿದೆಯಲ್ಲ ಎಂದು ಶಿವನಿಗೆ ಇನ್ನೊಮ್ಮೆ ಕೈ ಮುಗಿಯುತ್ತೇನೆ. ಇಂಥ ಒಳ್ಳೆಯ ಪದ್ಧತಿಯೇ ಮಗಳ ಎರಡು ವರ್ಷದ ದುಡಿಮೆಗೆ ಅಡ್ಡ ಬಂದೀತೆಂದು ನಾನಾದರೂ ಹೇಗೆ ಎಣಿಸಲಿ, ನೀವೇ ಹೇಳಿ.

ಮಗಳು ಗಿರಿಜಾ ಒಂದು ಚಿತ್ರಕತೆಯ ಪುಸ್ತಕ ಮಾಡಿದ್ದಾಳೆ. ಕಾಮಿಕ್ಸ್ ಎನ್ನುತ್ತಾರಲ್ಲ, ಅದು. ಹೆಸರು ‘ಬಿಸಿಲು ಪಡೆ’. ನಮ್ಮೂರಿನ ಬಿಸಿಲಿನಿಂದಲೇ ಶಕ್ತಿ ಪಡೆದ ಐದು ಜನ ಅದರಲ್ಲಿದ್ದಾರೆ. ಒಬ್ಬಳು ಹಾರುತ್ತಾಳೆ, ಒಬ್ಬ ಬಸ್ಸನ್ನೇ ಎತ್ತುತ್ತಾನೆ, ಒಬ್ಬಳಿಗೆ ಹತ್ತು ಹರದಾರಿ ಆಚೆಯ ಪಿಸುಮಾತು ಕೇಳಿಸುತ್ತದೆ, ಒಬ್ಬ ಮಾಯವಾಗುತ್ತಾನೆ, ಇನ್ನೊಬ್ಬಳು ಹರಿಯುವ ಕಾಲುವೆಯನ್ನು ಅಂಗೈ ಸನ್ನೆಯಿಂದ ನಿಲ್ಲಿಸುತ್ತಾಳೆ. ಕಾಲುವೆಯ ನೀರನ್ನೆಲ್ಲ ಕುಡಿಯಲು ಬಂದ ರಕ್ಕಸನನ್ನು ಐವರೂ ಸೇರಿ ಓಡಿಸುವುದೇ ಕತೆ. ಪುಸ್ತಕ ಅಚ್ಚು ಹಾಕುವ ಹಿರಿಯರೊಬ್ಬರು ಅದನ್ನು ನೋಡಿ, ಮೊದಲು ಇಪ್ಪತ್ತು ಪ್ರತಿ ತೆಗೆಸಿ ಓದುವವರಿಗೆ ಕೊಡು, ಒಬ್ಬೊಬ್ಬರಿಂದ ಒಂದು ಹಾಳೆ ಅಭಿಪ್ರಾಯ ಬರೆಸಿಕೊಂಡು ಯುಗಾದಿಯೊಳಗೆ ಬಾ, ಹೊಗಳಿಕೆ ಬೇಡ, ಓದಿದ ಗುರುತು ಬೇಕು, ಅಚ್ಚಿನ ಮಾತು ಅದನ್ನು ನೋಡಿದ ಮೇಲೆ ಎಂದಿದ್ದರು.

ಪ್ರತಿಗಳನ್ನು ಹಂಚುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಬರೀ ಪುಸ್ತಕ ಹಿಡಿದು ಒಬ್ಬರ ಹೊಸ್ತಿಲು ತುಳಿಯುವುದುಂಟೆ? ಶೇಂಗಾ ಹೋಳಿಗೆ ಮಾಡಿ, ಡಬ್ಬಿಗೆ ನಾಲ್ಕರಂತೆ ತುಂಬಿ, ಮೇಲೆ ಪುಸ್ತಕವನ್ನೂ ಖಾಲಿ ಹಾಳೆಯನ್ನೂ ಇಟ್ಟು ಓಣಿಯ ಮನೆಗಳಿಗೆ ಕೊಟ್ಟುಬಂದೆ. ದೇವದುರ್ಗದ ನಾದಿನಿಗೂ ಮಾನ್ವಿಯ ಅಕ್ಕನಿಗೂ ಹೋಗುಬರುವವರ ಕೈಯಲ್ಲಿ ಕಳಿಸಿದೆ.

ಡಬ್ಬಿಗಳು ಒಂದೊಂದಾಗಿ ತಿರುಗಿ ಬಂದವು, ಒಳಗೆ ಬೆಲ್ಲ, ಬಾಳೆಹಣ್ಣು, ಒಂದು ಹಿಡಿ ಅವಲಕ್ಕಿ, ಜೊತೆಗೆ ಹಾಳೆ. ‘ಪುಸ್ತಕ ಭಾಳ ಚಲೋ ಅದ. ದೇವರು ಒಳ್ಳೇದು ಮಾಡಲಿ.’ ‘ಚಿತ್ರ ಚಲೋ ಅವ, ಹೋಳಿಗಿ ಇನ್ನೂ ಚಲೋ ಇದ್ದವು.’ ಒಬ್ಬರಂತೂ ಧೈರ್ಯ ಮಾಡಿ ಒಂದು ಕೊರತೆಯನ್ನು ಎತ್ತಿ ತೋರಿಸಿದ್ದರು: ಬೆಲ್ಲ ತುಸು ಹೆಚ್ಚಾಗಿತ್ತಂತೆ!

ನಾನು ಹಿಗ್ಗಿದೆ. ಗಿರಿಜಾ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಒಂದೊಂದಾಗಿ ಓದಿದಳು.

“ಯವ್ವಾ, ಇವರು ಪುಸ್ತಕ ಓದಿಲ್ಲ, ಹೋಳಿಗಿ ಓದ್ಯಾರ.”

“ಎಲ್ಲಾರೂ ಚಲೋ ಅದ ಅಂದಾರಲ್ಲ? ನಾನೂ ಅದನ್ನ ಅಂದೆ.”

“ಚಲೋ ಅದ ಅನ್ನೂದು ಅಭಿಪ್ರಾಯ ಅಲ್ಲ ಯವ್ವಾ. ಅದು ಮಾರಿ ಮ್ಯಾಲೆ ಮೆತ್ತಗ ಬಾಗಲಾ ಮುಚ್ಚೂದು.”

ಅಷ್ಟು ಹೇಳಿ ಪೆನ್ಸಿಲು, ಬಣ್ಣ, ಕುಂಚಗಳನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಟ್ರಂಕಿಗೆ ಹಾಕಿದಳು. ಈ ಹಾಳೆಗಳನ್ನು ಹಿಡಿದುಕೊಂಡು ಆ ಹಿರಿಯರ ಮುಂದೆ ನಿಲ್ಲಲಾರೆ, ಇನ್ನು ಈ ಉಸಾಬರಿ ಸಾಕು ಎಂದಳು. ಯುಗಾದಿಗೆ ಒಂಬತ್ತು ದಿನ ಉಳಿದಿತ್ತು.

ಕೊನೆಯ ಒಂದು ಪ್ರತಿಗೆ ಮಾತ್ರ ಇನ್ನೂ ಅಭಿಪ್ರಾಯ ಬರುವುದಿತ್ತು. ಎರಡು ಮನೆಯಾಚೆಯ ಶಮೀಮಳಿಗೆ ಅಂದು ಮಧ್ಯಾಹ್ನವೇ ಆ ಪ್ರತಿಯನ್ನು ಕೊಟ್ಟು, ರಂಜಾನ್ ತಿಂಗಳಾದ್ದರಿಂದ ಹೋಳಿಗೆ ಸಂಜೆ ಉಪವಾಸ ಬಿಟ್ಟ ಮೇಲೆ ತಿನ್ನು ಎಂದು ಹೇಳಿ ಬಂದಿದ್ದೆ. ಹೊತ್ತು ಮುಳುಗುವ ಮೊದಲೇ ಅವಳು ಪುಸ್ತಕ ಹಿಡಿದು ನಮ್ಮ ಬಾಗಿಲಿಗೆ ಬಂದಳು.

“ಅಕ್ಕೋರ, ಹೋಳಿಗಿ ಇನ್ನಾ ಮುಟ್ಟಿಲ್ಲ. ತಿಂದಮ್ಯಾಲೆ ಬಾಯಿ ಸಿಹಿ ಆಗ್ತದ, ಆವಾಗ ಖರೇ ಮಾತು ಹೊರಗ ಬರಂಗಿಲ್ಲ. ಅದಕ್ಕ ಈಗ ಬಂದೆ. ಬೇಜಾರ ಆಗಬಾರ್ದು.” ಗಿರಿಜಾಳ ಕಡೆಗೆ ತಿರುಗಿದಳು. “ಯವ್ವಾ ಗಿರಿಜಾ, ನಿನ್ನ ಐದು ಮಂದಿ ಜಗಳಾನ ಆಡಂಗಿಲ್ಲಲ್ಲ? ನಮ್ಮ ಮನ್ಯಾಗ ಹನ್ನೊಂದು ಮಂದಿ, ಒಂದು ಚಾ ಮಾಡೂದ್ರಾಗ ಮೂರು ಜಗಳ. ಜಗಳಾ ಇಲ್ಲದ ಪಡೆ ಅಂದ್ರ ನನಗ ನಂಬಿಕಿ ಬರವಲ್ದು. ಮತ್ತ ಆ ಹಾರೂ ಹುಡುಗಿ ಮುಂಜಾನಿಂದ ಹಾರಾಕತ್ಯಾಳ, ಒಂದು ಗುಟುಕು ನೀರು ಬೇಕಂತ ಅನಸವಲ್ದಾ? ಗಂಟಲಾ ಒಣಗೂದು ಹೆಂಗಿರ್ತದ, ನನ್ನ ಕೇಳು!”

ಮೊದಲೇ ನೊಂದ ಹುಡುಗಿ, ಈಗ ಅತ್ತುಬಿಡುತ್ತಾಳೆಂದುಕೊಂಡೆ. ಅವಳು ಎದ್ದು ಹೋಗಿ ಟ್ರಂಕು ತೆಗೆದು, ಕಟ್ಟು ಬಿಚ್ಚಿ, ಪೆನ್ಸಿಲು ಹಿಡಿದುಕೊಂಡು ಬಂದಳು. “ಖಾಲಾ, ಕೂಡ್ರಿ. ಇನ್ನೊಮ್ಮೆ ಹೇಳ್ರಿ, ಬರಕೋತೀನಿ.”

ನನ್ನ ತಪ್ಪು ನನಗೆ ಆಗ ಕಂಡಿತು. ಉಂಡ ಮನೆಯ ಬಗ್ಗೆ ಎರಡು ಮಾತಾಡಬಾರದೆಂದು ನಂಬಿದ ಜನ ನಾವು. ಅಂಥವರ ಬಾಯಿಗೆ ಮೊದಲು ಹೋಳಿಗೆ ಇಟ್ಟು, ಆಮೇಲೆ ನಿಜ ಹೇಳಿರೆಂದರೆ ಹೇಗೆ ಹೇಳಿಯಾರು? ಮನೆಗಳನ್ನು ಕೂಡಿಸಿಡಲು ಈ ಸಂಕೋಚ ಬೇಕು, ಇಲ್ಲವೆನ್ನುವುದಿಲ್ಲ, ಆದರೆ ಪುಸ್ತಕವನ್ನು ಅದು ನಿಜದ ಮಾತು ಸಿಗದಂತೆ ಉಪವಾಸ ಕೆಡವುತ್ತದೆ. ಪೂಜೆ ಮುಗಿಯುವವರೆಗೆ ನಾನೂ ಬಾಯಿಗೆ ಏನನ್ನೂ ಹಾಕುವವಳಲ್ಲ. ಅದು ಮಡಿಗಾಗಿ ಎಂದು ತಿಳಿದಿದ್ದೆ. ಹಸಿದ ಹೊಟ್ಟೆಗೆ ದೇವರ ಮುಂದೆ ಸುಳ್ಳು ಹೇಳುವಷ್ಟು ತ್ರಾಣವಿರುವುದಿಲ್ಲ ಎಂಬುದಕ್ಕೂ ಇರಬಹುದೆಂದು ಶಮೀಮಳನ್ನು ನೋಡಿದ ಮೇಲೆ ಅನ್ನಿಸಿತು.

ಮರುದಿನವೇ ಖಾಲಿ ಕೈಯಲ್ಲಿ ದೇವದುರ್ಗದ ಬಸ್ಸು ಹತ್ತಿದೆ. ಬಸ್ಸಿಳಿದು ನಡೆಯುವಾಗ, ಚೀಲವಿಲ್ಲದ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಸೆರಗಿನೊಳಗೆ ಮುಚ್ಚಿಕೊಂಡೆ. ನಾದಿನಿ ಬಸಮ್ಮ ಬಾಗಿಲಲ್ಲೇ ಹಿಡಿದಳು.

“ಏನ್ ವೈನಿ, ಕೈ ಬೀಸಕೋತ ಬಂದೀರಿ? ಶಹರದ ಮಂದಿ ಆಗೇಬಿಟ್ರಿ ಬಿಡ್ರಿ!”

“ಈ ಸಲ ತಿನಸಾಕ ಬಂದಿಲ್ಲ ಬಸಮ್ಮ, ಬೈಸಿಕೊಳ್ಳಾಕ ಬಂದೀನಿ. ಪುಸ್ತಕದಾಗ ಏನು ಸೇರಲಿಲ್ಲ, ಹೇಳು.”

“ಬೈಯೂದಾದ್ರ ಒಳಗ ಬರ್ರಿ,” ಎಂದು ನಕ್ಕಳು. “ಬಿಸಿಲಿಗೆ ಶಕ್ತಿ ಬರೂದಿದ್ರ, ಹತ್ತಿ ಬಿಡಸಾಕ ಹೋಗೂ ನಾವೆಲ್ಲಾ ಇಷ್ಟೊತ್ತಿಗೆ ಹಾರ್ಯಾಡಬೇಕಿತ್ತು! ಬಿಸಿಲು ಶಕ್ತಿ ಕೊಡಂಗಿಲ್ಲ ವೈನಿ, ಕಸಗೋತದ. ಕಸಗೊಂಡಮ್ಯಾಲೂ ಮನುಷಾರ ಕಡಿ ಏನು ಉಳಿತದ, ಅದನ್ನ ಬರಿ ಅನ್ರಿ ಅಕಿಗೆ.”

ಅಲ್ಲಿಂದ ಮಾನ್ವಿಗೆ ಹೋದರೆ, ಅಕ್ಕನಿಗೆ ರಕ್ಕಸನ ಮೇಲೆಯೇ ಕನಿಕರ. “ಪಾಪ, ಕಾಲುವಿ ತುದಿ ಊರಾಂವ ಇರಬೇಕವ. ಮ್ಯಾಲಿನವರೆಲ್ಲಾ ನೀರು ಹಾಯಿಸಿಕೊಂಡಮ್ಯಾಲೆ ಅವಗ ಏನು ಉಳದಿತ್ತು? ಐದು ಮಂದ್ಯಾಗ ಒಬ್ರಾದ್ರೂ, ಯಾಕಪಾ ಇಷ್ಟು ನೀರಡಿಸೀದಿ ಅಂತ ಕೇಳಿದ್ರೇನು?” ಗದ್ದೆಗೆ ನೀರು ಬರುವುದನ್ನು ಕಾಯುತ್ತ ವಯಸ್ಸು ಕಳೆದವಳು ಅವಳು; ಇಡೀ ಪುಸ್ತಕದಲ್ಲಿ ಅವಳಿಗೆ ಪರಿಚಯದವನಂತೆ ಕಂಡವನು ಆ ರಕ್ಕಸನೊಬ್ಬನೇ.

ಹಾಗೆಯೇ ಖಾಲಿ ಕೈಯಲ್ಲಿ ಹೋಗಿ ಕೇಳಿದಾಗ ಓಣಿಯವರೂ ಒಬ್ಬೊಬ್ಬರಾಗಿ ಬಾಯಿ ಬಿಟ್ಟು, ಹೊಸ ಹಾಳೆಯಲ್ಲಿ ಬರೆದುಕೊಟ್ಟರು. ಗಿರಿಜಾ ಕೆಲವನ್ನು ಓದಿ ನಕ್ಕಳು, ಒಂದೆರಡಕ್ಕೆ ಕಣ್ಣು ಒರೆಸಿಕೊಂಡಳು, ಒಂದನ್ನೂ ಬಿಸಾಡಲಿಲ್ಲ. ಯುಗಾದಿಗೆ ಎರಡು ದಿನ ಮುಂಚೆ ಆ ಹಿರಿಯರು ಹಾಳೆಗಳನ್ನೆಲ್ಲ ಓದಿ, ಇವರು ಓದಿದ್ದಾರೆ, ತಿದ್ದಿಕೊಂಡು ಬಾ, ಅಚ್ಚು ಹಾಕೋಣ ಎಂದರಂತೆ. ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ನನ್ನ ಮಗಳನ್ನು ಮೆಚ್ಚುವವರನ್ನು ಕೊಡೆಂದು ಬೇಡಿದ್ದೆ. ಅವಳ ಮುಖದೆದುರೇ ಮೆಚ್ಚಲಿಲ್ಲವೆನ್ನುವವರನ್ನು ಕೊಟ್ಟ ಶಿವ ನನಗಿಂತ ತಿಳಿದವನು.

ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ, ನಾನು ಅನ್ನಕ್ಕಿಟ್ಟು ಕುಳಿತಾಗ, ಖಾಲಿ ಹಾಳೆಯೊಂದನ್ನು ಗಿರಿಜಾ ನನ್ನ ಮುಂದಿಟ್ಟಳು. “ಎಲ್ಲಾರದೂ ಬಂತು. ನಿಂದೊಂದ ಉಳದದ.”

ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ. “ಆ ಹಾರೂ ಹುಡುಗಿ ತಾಯಿ ಅದಾಳಲ್ಲ, ಎಲ್ಲಾ ಚಿತ್ರದಾಗೂ ಬಾಗಲದಾಗ ಕೈ ಮುಗದು ನಿಂತಿರ್ತಾಳ, ಗೊಂಬಿ ನಿಂತಂಗ. ಅಕಿ ಬೇಡಿಕೊಳ್ಳೂದೂ ಒಂದು ಕೆಲಸಾನ. ಅದನ್ನ ಕೆಲಸದಂಗ ತೋರಿಸು.”

“ಬೇಡಿಕೊಂಡದ್ದಕ್ಕ ರಕ್ಕಸ ಓಡೋದಾದ್ರ, ನನ್ನ ಐದು ಮಂದಿ ಯಾಕ ಬೇಕು ಯವ್ವಾ?”

“ಓಡ್ತಾನ ಅಂತ ನಾ ಎಲ್ಲಿ ಅಂದೆ? ಕೈ ನಡುಗೂದು ನಿಲ್ತದ, ಅಷ್ಟ. ಆಮ್ಯಾಲೆ ಆ ಕೈ ಏನರ ಮಾಡಾಕ ಬರ್ತದ.”

ಗಿರಿಜಾ ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಯೋಚಿಸಿದಳು. “ಇಲ್ಲ, ನಾ ಒಪ್ಪಂಗಿಲ್ಲ. ಏನರ ಮಾಡ್ತಾಳ ಅಂದ್ರ ಏನ್ ಮಾಡ್ತಾಳ? ಅದನ್ನ ಹೇಳು.”

ಹುಟ್ಟಿದಾಗಿನಿಂದ ಇವಳು ನನ್ನೊಡನೆ ಊಟಕ್ಕೆ, ಬಟ್ಟೆಗೆ, ಹೊತ್ತು ಮೀರಿ ಮನೆಗೆ ಬಂದದ್ದಕ್ಕೆ ಜಗಳವಾಡಿದ್ದಾಳೆ. ತನ್ನ ಕೆಲಸದ ಬಗ್ಗೆ, ನಾನೂ ಓದುವವಳೊಬ್ಬಳೆಂದು ಬಗೆದು ಎದುರು ಕುಳಿತದ್ದು ಅದೇ ಮೊದಲು. ಒಳಗಿನಿಂದ ಅನ್ನ ತಳಹತ್ತಿದ ವಾಸನೆ ಬಂತು, ಇಬ್ಬರಿಗೂ ಬಂತು. ನಾನು ಏಳಲಿಲ್ಲ, ಅವಳಿಗೆ ಹೇಳಬೇಕಾದ ಉತ್ತರ ಆಗತಾನೇ ನನ್ನ ಬಾಯಿಗೆ ಬರುತ್ತಿತ್ತು.