ಮೂರನೇ ಸಾಲಿನ ನಗೆಯಕ್ಕ

ನಗುವುದೇ ಕೆಲಸ ಅಂದರೆ ಜನ ನಗುತ್ತಾರೆ. ನಗಲಿ ಪಾಪ. ಒಂದು ವಾರ ನಗೆಯಕ್ಕನ ಕುರ್ಚಿಯಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ. ರಾತ್ರಿ ಊಟವಾದ ಮೇಲೆ ಟಿವಿಯಲ್ಲಿ ಬರುತ್ತವಲ್ಲ, ಮೇಜಿನ ಹಿಂದೆ ಒಬ್ಬ ಕೂತು, ಪಕ್ಕದ ಸೋಫಾದಲ್ಲಿ ಅತಿಥಿಯನ್ನು ಕೂರಿಸಿಕೊಂಡು, ದೇಶದ ಸುದ್ದಿಯಿಂದ ಹಿಡಿದು ಅತಿಥಿಯ ಮೂಗಿನ ತನಕ ಎಲ್ಲವನ್ನೂ ಆಡಿಕೊಳ್ಳುವ ಕಾರ್ಯಕ್ರಮಗಳು, ಅಂಥವು ಮೂರು ಒಂದೇ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದವು. ಮೂರಕ್ಕೂ ಮೂರನೇ ಸಾಲಿನ ನಡುವಿನ ಕುರ್ಚಿ ಅವಳದು. ಜೋಕು ಬಿದ್ದ ಕೂಡಲೇ ಮೊದಲು ಅವಳು ನಗಬೇಕು. ಅವಳನ್ನು ಹಿಡಿದು ಅಕ್ಕಪಕ್ಕದವರು, ಅವರನ್ನು ಹಿಡಿದು ಹಿಂದಿನವರು. ಸ್ಟುಡಿಯೋದವರಿಗೆಲ್ಲ ಅವಳು ನಗೆಯಕ್ಕ. ಗೇಟಿನಲ್ಲಿ ಕೂರುವವನಿಗೂ ಅವಳ ಸ್ವಂತ ಹೆಸರು ಗೊತ್ತಿರಲಿಲ್ಲ.

ರಾತ್ರಿಯ ಕಾರ್ಯಕ್ರಮ ಅಂತ ಹೆಸರು, ಚಿತ್ರೀಕರಣವೆಲ್ಲ ಮಟಮಟ ಮಧ್ಯಾಹ್ನ. ಹೊರಗೆ ಬಿಸಿಲು ಸುಡುತ್ತಿರುತ್ತದೆ, ಒಳಗೆ ಕಾರ್ಡ್‌ಬೋರ್ಡಿನ ಊರಿಗೆ ನೀಲಿ ದೀಪ ಹಾಕಿ, ಅದರ ಮುಂದೆ ನಿಂತು 'ಎಲ್ಲರಿಗೂ ಶುಭರಾತ್ರಿ' ಅನ್ನುತ್ತಾರೆ. ಎ.ಸಿ. ಚಳಿಗೆ ನಗೆಯಕ್ಕನ ಮಂಡಿ ಹಿಡಿದುಕೊಳ್ಳುತ್ತಿತ್ತು. ಮಂಡಿ ಹಿಡಿದರೂ ನಗಬೇಕು, ನೆಗಡಿಯಾದರೂ ನಗಬೇಕು, ಬೆಳಿಗ್ಗೆ ಮನೆಯಲ್ಲಿ ಜಗಳವಾಡಿ ಬಂದಿದ್ದರೂ ನಗಬೇಕು.

ಮೇಜಿನ ಹಿಂದೆ ಕೂರುವ ಮೂವರಿಗೂ ಒಂದೇ ನಗು ಸಾಕಾಗಿದ್ದರೆ ಎಷ್ಟೋ ವಾಸಿಯಿತ್ತು. ಮೊದಲನೆಯವನಿಗೆ ಅವಳಿಟ್ಟ ಹೆಸರು ಕೋಟು, ಕಪ್ಪು ಕೋಟಿಲ್ಲದೆ ಕೂರುವವನಲ್ಲ. ಆಸ್ಪತ್ರೆಯ ಬಿಲ್ಲು ಓದುವವನ ಮುಖ ಮಾಡಿಕೊಂಡು ಭಯಂಕರವಾದ ಮಾತು ಹೇಳುತ್ತಾನೆ, ಆಮೇಲೆ ನಿಧಾನವಾಗಿ ಒಂದು ಗುಟುಕು ನೀರು ಕುಡಿಯುತ್ತಾನೆ. ಆ ಲೋಟ ಮೇಜಿಗೆ ತಾಗುವವರೆಗೆ ಯಾರೂ ನಗುವ ಹಾಗಿಲ್ಲ. ತಾಗಿದ ಮೇಲೂ ಜೋರಾಗಿ ಶುರುಮಾಡಿದರೆ ಕೆಟ್ಟಿತು. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು ಅನ್ನುವ ಹಾಗೆ ನಗಬೇಕು. ಎರಡನೆಯವನು ಗಿರಗಿಟ್ಟಲೆ. ಅವನು ಜೋಕು ಹೇಳುವ ಮೊದಲೇ ತಾನು ನಕ್ಕುಬಿಡುತ್ತಾನೆ. ಮೇಜು ಬಡಿಯುತ್ತಾನೆ, ಅತಿಥಿಯ ಕೈಲಿ ಮೊಟ್ಟೆ ಒಡೆಸುತ್ತಾನೆ, ಕುರ್ಚಿಯ ಸುತ್ತ ಓಡುತ್ತಾನೆ. ತಮಾಷೆ ಎಲ್ಲಿತ್ತು ಅಂತ ಹುಡುಕುವುದಕ್ಕೂ ಪುರುಸೊತ್ತಿಲ್ಲ, ಅವನ ಜೊತೆ ನಗುತ್ತಲೇ ಇರಬೇಕು. ಅವನ ದಿನ ಮನೆಗೆ ಬಂದರೆ ನಗೆಯಕ್ಕನಿಗೆ ಮಾತೇ ಹೊರಡುತ್ತಿರಲಿಲ್ಲ.

ಮೂರನೆಯವನು ಚಿವುಟು. ಅವನ ಬಾಯಲ್ಲಿ ಬೆಣ್ಣೆ. 'ನಿಮ್ಮ ಅಭಿಮಾನಿ ನಾನು' ಅಂತ ಅತಿಥಿಯ ಕೈ ಹಿಡಿದುಕೊಂಡೇ, ಆ ಮನುಷ್ಯ ಯಾವುದನ್ನು ಮುಚ್ಚಿಡಲು ಒದ್ದಾಡುತ್ತಿದ್ದಾನೋ ಅದನ್ನೇ ಹುಡುಕಿ ಚಿವುಟುತ್ತಾನೆ. ಅಲ್ಲಿ ಮೊದಲು 'ಅಯ್ಯೋ' ಅನ್ನಬೇಕು, ಆ ಅಯ್ಯೋದ ಬಾಲದಲ್ಲಿ ನಗಬೇಕು. ಆ ನಗು ನಕ್ಕಾಗಲೆಲ್ಲ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ಇಷ್ಟೆಲ್ಲ ಜೀವ ತೇದು ಮನೆಗೆ ಬಂದರೆ ಅಲ್ಲೂ ಅದೇ ಗೋಳು. ಗಂಡ ಲಿಫ್ಟ್ ಮೆಕ್ಯಾನಿಕ್, ಕೋಟಿನ ಪರಮಭಕ್ತ. ಗಂಡನ ಅಕ್ಕ ಅವರ ಜೊತೆಗೇ ಇದ್ದರು. ಅವರಿಗೆ ಗಿರಗಿಟ್ಟಲೆ ಅಂದರೆ ಪ್ರಾಣ. ತಟ್ಟೆ ಮುಂದೆ ಕೂತರೆ ಸಾಕು, ಅಕ್ಕತಮ್ಮ ಶುರುವಾಗುತ್ತಿದ್ದರು.

"ನಿನ್ನ ಕೋಟು ನಗಿಸ್ತಾನೋ ಸಾವಿನ ಸುದ್ದಿ ಹೇಳ್ತಾನೋ ಒಂದೂ ಗೊತ್ತಾಗಲ್ಲ."

"ನಿನ್ನ ಗಿರಗಿಟ್ಟಲೆ ಥರ ಬಿದ್ದು ಹೊರಳಾಡಿದ್ರೆ ಮಾತ್ರ ಹಾಸ್ಯವಾ ಅಕ್ಕಾ? ತಲೇಲಿ ಏನಾದ್ರೂ ಇರಬೇಕು."

"ದಿನವಿಡೀ ದುಡಿದು ಬಂದೋರಿಗೆ ತಲೆ ಯಾಕೋ ಬೇಕು? ನೀನೇ ಹೇಳೇ, ಯಾರು ಮೇಲು?"

ಕೊನೆಗೆ ತೀರ್ಪಿಗೆ ಇಬ್ಬರೂ ಅವಳ ಕಡೆ ತಿರುಗುತ್ತಿದ್ದರು. ನಗೆಯಕ್ಕನಿಗೆ ಪಿತ್ತ ನೆತ್ತಿಗೇರುತ್ತಿತ್ತು. "ಯಾವನು ಬೇಗ ಮುಗಿಸ್ತಾನೋ ಅವನೇ ಮೇಲು. ಊಟ ಮಾಡಿ" ಅಂತ ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದಳು.

ಬೇಗ ಮುಗಿಸುವ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಗಂಡನ ಮೇಲೆ ಅವಳಿಗಿದ್ದ ದೊಡ್ಡ ಸಿಟ್ಟು ಅಂದರೆ, ಆ ಮನುಷ್ಯ ಯಾವ ಕತೆಯನ್ನೂ ಮುಗಿಸಿದವನಲ್ಲ. ದಿನಾ ಯಾವುದೋ ಕಟ್ಟಡದಲ್ಲಿ ಸಿಕ್ಕಿಹಾಕಿಕೊಂಡವರನ್ನು ಬಿಡಿಸಿ ಬರುತ್ತಾನೆ. ಲಿಫ್ಟಿನೊಳಗೆ ಜನ ಆಡುವ ಮಾತಿಗೆ ಲೆಕ್ಕವಿಲ್ಲ. ಅವಳು ಪಾತ್ರೆ ತೊಳೆಯುತ್ತಿರುವಾಗ ಬಾಗಿಲಿಗೆ ಒರಗಿ ಶುರುಮಾಡುತ್ತಾನೆ, ಕತೆ ಚೆನ್ನಾಗಿ ಏರುತ್ತದೆ, ಇನ್ನೇನು ತುದಿ ಮುಟ್ಟಬೇಕು ಅನ್ನುವಷ್ಟರಲ್ಲಿ 'ಬಿಡು, ಹೋಗ್ಲಿ' ಅಂತ ಹೊರಗೆ ಹೋಗಿ ಸೈಕಲ್ಲಿನ ಚೈನು ಒರೆಸುತ್ತಾ ಕೂರುತ್ತಾನೆ. ಮದುವೆಯಾದಾಗಿನಿಂದ ಇದೇ ಹಾಡು. ಕೋಟು ತಡ ಮಾಡುತ್ತಾನೆ, ಗಿರಗಿಟ್ಟಲೆ ಅವಸರ ಮಾಡುತ್ತಾನೆ, ಚಿವುಟು ಬೇರೆಯವರ ಮಾತನ್ನು ತಾನೇ ಮುಗಿಸುತ್ತಾನೆ. ತನ್ನ ಪಾಲಿಗೆ ಬಂದವನು ಮುಗಿಸುವುದೇ ಇಲ್ಲ ಅಂತ ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು. ಹೇಳಲು ಸೋಮಾರಿತನ, ಅಥವಾ ತನ್ನಂಥವಳಿಗೆ ಇಷ್ಟು ಸಾಕು ಅನ್ನುವ ತಾತ್ಸಾರ. ಎರಡರಲ್ಲಿ ಒಂದು ಅಂತ ಅವಳ ಲೆಕ್ಕ.

ಗಂಡನಿಗೂ ಅವಳ ಮೇಲೆ ಒಂದು ಸಿಟ್ಟಿತ್ತು. ಟಿವಿಯಲ್ಲಿ ನೂರು ಜನರ ನಗುವಿನ ನಡುವೆ ಹೆಂಡತಿಯ ನಗುವನ್ನು ಅವನು ಹೆಕ್ಕಿ ತೆಗೆಯುತ್ತಿದ್ದ. "ಇದು ಮೂಗಿಂದು. ಇದು ಅಯ್ಯೋದು. ಎಲ್ಲಾ ಸಂಬಳದ ನಗು" ಅನ್ನುತ್ತಿದ್ದ. ಒಂದು ದಿನ ಬಾಯಿಬಿಟ್ಟು ಹೇಳಿಯೇ ಬಿಟ್ಟ. "ಅವರ ಮಾತಿಗೆಲ್ಲ ನಗ್ತೀಯ. ನಾನು ಹೇಳಿದ್ದಕ್ಕೆ ಒಂದು ದಿನಾನೂ ನಕ್ಕಿಲ್ಲ ಕಣೇ ನೀನು."

ನಗೆಯಕ್ಕ ದಂಗಾದಳು. "ನಾನು ನಕ್ಕಿಲ್ವಾ? ನೀವು ಮೊದಲು ಒಂದು ಕತೆ ಮುಗಿಸಿ ನೋಡೋಣ!"

"ಮುಗಿಸ್ತೀನಿ. ನಿನ್ನ ಸ್ಟುಡಿಯೋಗೇ ಬಂದು ಮುಗಿಸ್ತೀನಿ" ಅಂದ.

ಬಾಯಿಮಾತು ಅಂದುಕೊಂಡಳು. ಅಲ್ಲ. ಚಿವುಟು ಪ್ರತಿ ವಾರ ನೋಡುಗರಲ್ಲಿ ಒಬ್ಬರನ್ನು ವೇದಿಕೆಗೆ ಕರೆದು ಐದು ನಿಮಿಷ ಮಾತಾಡಿಸುತ್ತಿದ್ದ. 'ನಿಮ್ಮ ಸರದಿ' ಅಂತ ಅದರ ಹೆಸರು. ಗಂಡ ಯಾರಿಗೂ ಹೇಳದೆ ಅದಕ್ಕೆ ಫೋನು ಮಾಡಿ ಆಯ್ಕೆಯಾಗಿಬಿಟ್ಟಿದ್ದ. ಸುದ್ದಿ ಕೇಳಿ ಅವಳು ಬೇಡವೇ ಬೇಡ ಅಂದಳು. ಆ ಐದು ನಿಮಿಷದಲ್ಲಿ ತಡವರಿಸಿದವರನ್ನು ಚಿವುಟು ಏನು ಮಾಡುತ್ತಾನೆ ಅಂತ ಅವಳು ಮೂರನೇ ಸಾಲಿನಿಂದ ಕಣ್ಣಾರೆ ಕಂಡಿದ್ದಳು. ಮಾತು ಮುಗಿಸಲು ಬಾರದ ಗಂಡಸೊಬ್ಬ ತಾನಾಗಿ ನಡೆದು ಬಂದು ಸಿಕ್ಕರೆ ಬಿಡುತ್ತಾನಾ? ಇಡೀ ಊರು ನೋಡುವ ಹಾಗೆ ಸಿಪ್ಪೆ ಸುಲಿಯುತ್ತಾನೆ. ಆಮೇಲೆ ಈ ಮನುಷ್ಯ ಮನೆಯಲ್ಲೂ ಬಾಯಿ ತೆರೆಯುವುದಿಲ್ಲ, ಅರ್ಧ ಕತೆಗೂ ಗತಿ ಇರುವುದಿಲ್ಲ.

ಬೇಡ ಅಂದರೆ ಕೇಳಬೇಕಲ್ಲ! ಅವನು ಕನ್ನಡಿ ಮುಂದೆ ನಿಂತು ಅಭ್ಯಾಸ ಶುರುಮಾಡಿದ. ಅದೂ ಕೋಟಿನ ಹಾಗೆ. ಪಕ್ಕದ ಮನೆಯವರಿಂದ ಕೇಳಿ ತಂದ ಕಪ್ಪು ಕೋಟು, ಕೈಯಲ್ಲಿ ಲೋಟ, ಸತ್ತ ಮುಖ.

"ರೀ, ಮನೇಲಿ ಹೇಳ್ತೀರಲ್ಲ, ಹಾಗೇ ಹೇಳಿ ಸಾಕು."

"ಮನೇಲಿ ಹೇಳಿದ್ದಕ್ಕೆ ಯಾರು ನಗ್ತಾರೆ?" ಅಂತ ಕನ್ನಡಿಯಲ್ಲೇ ಅವಳನ್ನು ನೋಡಿದ. "ಇನ್ನೊಂದು ಮಾತು. ನೀನು ಅಲ್ಲಿ ಸಂಬಳದ ನಗು ನಗಕೂಡದು. ಬಂದ್ರೆ ನಗು, ಇಲ್ಲಾಂದ್ರೆ ಸುಮ್ನಿರು. ಮಾತು ಕೊಡು."

ಕೊಡುವುದಿಲ್ಲ ಅಂತ ಮೂರು ದಿನ ಹಠ ಮಾಡಿದಳು. ಅವನು ಮೂರು ದಿನವೂ ನೆಟ್ಟಗೆ ಊಟ ಮಾಡಲಿಲ್ಲ. ಕೊಟ್ಟಳು, ಇನ್ನೇನು ಮಾಡುತ್ತಾಳೆ?

ಚಿತ್ರೀಕರಣದ ಮಧ್ಯಾಹ್ನ ಅವನು ವೇದಿಕೆ ಹತ್ತಿದ. ಕೋಟಿನ ತೋಳು ಉದ್ದವಾಗಿ ಬೆರಳುಗಳಷ್ಟೇ ಕಾಣುತ್ತಿದ್ದವು. ಮೊದಲ ಮಾತು ಹೇಳಿ ನೀರು ಕುಡಿದ. ಲೋಟ ಕೆಳಗಿಟ್ಟ. ಯಾರೂ ನಗಲಿಲ್ಲ. ಎರಡನೆಯದು ಹೇಳಿ ಮತ್ತೆ ಕುಡಿದ. ಎಲ್ಲೋ ಒಬ್ಬರು ಕೆಮ್ಮಿದರು. ಪಕ್ಕದ ಕತ್ತಲಲ್ಲಿ ಫ್ಲೋರ್ ಮ್ಯಾನೇಜರು ಅವಳ ಕಡೆ ಕೈ ತಿರುಗಿಸತೊಡಗಿದ: ನಗು ಅಕ್ಕಾ, ನಗು. ಅವಳು ಕಾಣದವಳ ಹಾಗೆ ಕೂತಳು. ಒಂದು ಕಡೆ ಸಂಬಳ ತಿನ್ನುವ ಬಾಯಿ, ಇನ್ನೊಂದು ಕಡೆ ಗಂಡನಿಗೆ ಕೊಟ್ಟ ಮಾತು. ನಡುವೆ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿತ್ತು. ನೀರು ಕುಡಿಯುವುದನ್ನು ನಿಲ್ಲಿಸಿ ಮಾರಾಯ್ರೇ, ಹೊಟ್ಟೆ ಒಡೆದೀತು ಅಂತ ಕೂಗಿಬಿಡಬೇಕು ಅನ್ನಿಸಿತು.

ಚಿವುಟು ಬೆಣ್ಣೆಯ ದನಿಯಲ್ಲಿ ಕೇಳಿದ. "ಲಿಫ್ಟು ಮಧ್ಯದಲ್ಲೇ ನಿಂತ ಹಾಗಿದೆ. ಮೆಕ್ಯಾನಿಕ್ಕಿಗೆ ಫೋನ್ ಮಾಡೋಣ್ವಾ?"

ಈಗ ನಕ್ಕರು ಜನ. ಅವಳು ಕಲಿಸಿಕೊಟ್ಟ ಅಯ್ಯೋ ನಗುವೇ ಅದು, ಅವಳಿಲ್ಲದೆಯೂ ಚೆನ್ನಾಗಿ ಬಂತು. ಅವಳಿಗೆ ಮೈಯೆಲ್ಲ ಉರಿಯಿತು.

"ನಿಮ್ಮ ಮಾತಿಗೆ ಮನೇಲಿ ಯಾರಾದ್ರೂ ನಗ್ತಾರಾ ಸಾರ್?"

ಗಂಡ ಕೋಟು ಬಿಚ್ಚಿ ಸೋಫಾದ ಮೇಲೆ ಹಾಕಿ, ಅಡುಗೆಮನೆಯ ಬಾಗಿಲಿಗೆ ಒರಗುವ ಹಾಗೆ ಚಿವುಟುವಿನ ಮೇಜಿಗೇ ಒರಗಿಕೊಂಡ. "ಇಲ್ಲ ಸಾರ್. ನಮ್ಮನೆಯವಳಿಗೆ ನಗೋದೇ ಉದ್ಯೋಗ. ಮನೆಗೆ ಬಂದ ಮೇಲೆ ಓವರ್‌ಟೈಮ್ ಮಾಡಲ್ಲ."

ಸಭೆ ಗೊಳ್ಳನೆ ನಕ್ಕಿತು. ಅವನೇ ಬೆಚ್ಚಿದ. ಆಮೇಲೆ ಶುರುಮಾಡಿದ. ಹತ್ತು ಮಹಡಿಯ ಕಟ್ಟಡ, ಆರು ಏಳರ ನಡುವೆ ಲಿಫ್ಟು ನಿಂತಿದೆ, ಒಳಗೆ ಗಂಡ ಹೆಂಡತಿ. ಇಬ್ಬರಿಗೂ ಮಾತುಕತೆ ನಿಂತು ವಾರವಾಗಿದೆ. ಇವನು ಮೇಲಿನ ಬಾಗಿಲ ಸಂದಿಯಲ್ಲಿ ತಲೆ ಇಟ್ಟು, ಗಾಬರಿಯಾಗಬೇಡಿ ಅಂದರೆ, ಆಕೆ, "ಮೇಲಿನವರೇ, ಪಕ್ಕದಲ್ಲಿರೋರಿಗೆ ಹೇಳಿ, ನನ್ನ ಕಾಲು ತುಳೀತಿದಾರೆ."

"ನಾನು ಹೇಳಿದೆ, ಸಾರ್, ಕಾಲು ತುಳೀತಿದೀರಂತೆ. ಅವರು, 'ಅವಳಿಗೆ ಹೇಳಿ, ಹದಿನೈದು ವರ್ಷದಿಂದ ತುಳೀತಿರೋದು ಯಾರು ಅಂತ.' ನಾನು ಹೇಳಿದೆ, ಅಮ್ಮಾ, ಹದಿನೈದು ವರ್ಷದ್ದು ಏನೋ ಕೇಳ್ತಿದಾರೆ. ಆಕೆ, 'ಅವರಮ್ಮನ್ನ ಕೇಳೋಕೆ ಹೇಳಿ.' ನನ್ನ ಕೈಲಿ ಸ್ಪ್ಯಾನರ್ರು, ತಲೆ ಕೆಳಗೆ, ಕಾಲು ಮೇಲೆ. ಅವರಮ್ಮನ್ನ ಎಲ್ಲಿಂದ ತರಲಿ?"

ಯಾರೂ ಕೈ ತಿರುಗಿಸಬೇಕಾಗಿರಲಿಲ್ಲ, ಹಿಂದಿನ ಸಾಲಿನವರು ಕುರ್ಚಿ ಬಡಿಯುತ್ತಿದ್ದರು. ಚಿವುಟು ಕೂಡ ಚಿವುಟುವುದನ್ನು ಮರೆತು ಕೇಳುತ್ತಿದ್ದ. ಕತೆ ಏರುತ್ತಿತ್ತು. ಗಂಡ ಮೂರನೇ ಸಾಲಿನ ಕಡೆ ನೋಡಿದ.

ಮರುಕ್ಷಣ ಅವನ ದನಿ ಬಿದ್ದುಹೋಯಿತು. "ಅಷ್ಟೇ. ಸಾಕು."

"ಏನ್ ಸಾರ್, ಬಾಗಿಲು ತೆಗೀಲೇ ಇಲ್ಲ?" ಅಂದ ಚಿವುಟು.

"ಬೇಡ ಸಾರ್. ನಮ್ಮನೆಯವಳು ಅಳ್ತಿದಾಳೆ."

ಮೈಕು ಕೈಯಲ್ಲಿ ಹಿಡಿದುಕೊಂಡೇ ಇಳಿದು ಬಂದ. ನಗೆಯಕ್ಕ ಮುಖವನ್ನು ಮಂಡಿಗೆ ಒತ್ತಿಕೊಂಡು ಕೂತಿದ್ದಳು. ಹೆಗಲು ಅಲುಗುತ್ತಿತ್ತು, ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿಂದ ಒಂದು ಸದ್ದೂ ಇಲ್ಲ. ಅವನು ಅವಳ ಕಾಲ ಬಳಿಯ ಮೆಟ್ಟಿಲ ಮೇಲೆ ಕುಕ್ಕರಿಸಿದ. "ಬಿಡೇ, ತಪ್ಪಾಯ್ತು. ನಿನ್ನ ಕೆಲಸದ ಜಾಗದಲ್ಲಿ ಮನೆ ಮಾತೆಲ್ಲ ಆಡಿಬಿಟ್ಟೆ. ಇನ್ನು ಹೇಳಲ್ಲ."

ಅವಳು ಅವನ ತೋಳಿಗೆ ರಪ್ಪನೆ ಹೊಡೆದಳು. ಉಸಿರು ಹಿಡಿದು ತಂದು, "ನಗ್ತಿದೀನಿ ಕಣ್ರೀ!" ಅಂದಳು.

"ಇದಾ ನಗು?"

"ಇದೇ. ನಿಜವಾಗ್ಲೂ ಬಂದ್ರೆ ನಂಗೆ ಸದ್ದೇ ಹೊರಡಲ್ಲ. ಇದಕ್ಕೆ ಸಂಬಳ ಯಾರು ಕೊಡ್ತಾರೆ?"

ಅವನು ಅವಳ ಒದ್ದೆ ಮುಖವನ್ನೇ ನೋಡಿದ. "ಸಿಂಕಿನ ಮುಂದೆ, ಆ ಕಡೆ ತಿರುಗ್ಕೊಂಡು, ಹೀಗೇ ಹೆಗಲು ಅಲುಗಿಸ್ತಾ ಇರ್ತಿದ್ಯಲ್ಲ... ನನ್ನ ಮಾತಿಂದ ನಿಂಗೆ ಏನೋ ನೋವಾಯ್ತು ಅಂತ ನಾನು ಪ್ರತಿ ಸಲ ನಿಲ್ಲಿಸಿಬಿಡ್ತಿದ್ದೆ."

ಅವಳ ಕೈ ಅವನ ತೋಳಿನ ಮೇಲೇ ಉಳಿಯಿತು. ಸೋಮಾರಿತನ ಅಂದುಕೊಂಡದ್ದು, ತಾತ್ಸಾರ ಅಂದುಕೊಂಡದ್ದು, ಅದಕ್ಕಾಗಿ ಮಾಡಿದ ಅಷ್ಟೂ ಜಗಳ ಒಟ್ಟಿಗೆ ನೆನಪಾಗಿ ಅವಳಿಗೆ ನಿಜವಾಗಿಯೂ ಅಳು ಬಂತು. ಜೊತೆಗೆ ಹೇಳಲಾರದಷ್ಟು ಸಿಟ್ಟೂ ಬಂತು.

"ಕೇಳೋಕೆ ಏನಾಗಿತ್ತು ನಿಮಗೆ? ಬಾಯಿಗೇನು ಬೀಗ ಹಾಕಿತ್ತಾ? ಇಷ್ಟು ವರ್ಷದ ಕತೆ ಎಲ್ಲಾ ಹಾಳಾಗೋಯ್ತಲ್ರೀ!"

"ನೀನಾದ್ರೂ ಹೇಳಬಹುದಿತ್ತಲ್ಲೇ."

"ನಗ್ತಾ ಇರೋವಾಗ ಹೇಗೆ ಹೇಳಲಿ? ನಿಲ್ಲೋ ಹೊತ್ತಿಗೆ ನೀವು ಚೈನು ಒರೆಸ್ತಾ ಇರ್ತಿದ್ರಿ!"

ಮೈಕು ಇನ್ನೂ ಅವನ ಕೈಯಲ್ಲೇ ಇತ್ತು. ಇಡೀ ಸಭೆ ಕೇಳುತ್ತಿತ್ತು. ಫ್ಲೋರ್ ಮ್ಯಾನೇಜರು ಸಮಯ ಮುಗಿಯಿತು ಅಂತ ಎರಡೂ ಕೈ ಬೀಸುತ್ತಿದ್ದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಈಗ ಇದೊಂದನ್ನಾದ್ರೂ ಮುಗಿಸಿ. ಬಾಗಿಲು ತೆಗೆದ್ರೋ ಇಲ್ವೋ?"

"ತೆಗೆದೆ."

"ತೆಗೆದ್ರೆ?"

"ಇಬ್ರೂ ಒಟ್ಟಿಗೆ ನನ್ನ ಮೇಲೆ ರೇಗಿದ್ರು. 'ಈಗ ತಾನೇ ಮಾತು ಶುರುವಾಗಿತ್ತು, ನಿಮಗೇನ್ರೀ ಅಷ್ಟು ಅವಸರ?' ಅಂತ. ಆಕೆ ಒಳಗಿಂದಾನೇ ಗುಂಡಿ ಒತ್ತಿ ಬಾಗಿಲು ಮುಚ್ಚಿದ್ಲು."

ನಗೆಯಕ್ಕನ ತಲೆ ಮತ್ತೆ ಮಂಡಿಗೆ ಹೋಯಿತು, ಹೆಗಲು ಅಲುಗತೊಡಗಿತು. ಅವನು ಮೆಟ್ಟಿಲ ಮೇಲೆ ಇನ್ನಷ್ಟು ಹತ್ತಿರ ಸರಿದು ಕೂತು, "ಆಸ್ಪತ್ರೆ ಲಿಫ್ಟಿಂದು ಅರ್ಧ ಹೇಳಿದ್ನಲ್ಲ, ಅದು ಏನಾಯ್ತು ಗೊತ್ತಾ?" ಅಂತ ಮುಂದಿನದನ್ನು ಶುರುಮಾಡಿದ.