ಬರಿಗೈ ನಡಿಗೆ

ರಾಜಾಜಿನಗರದ ಮೂರನೇ ಬ್ಲಾಕಿನಲ್ಲಿ ಹೆಂಗಸೊಬ್ಬಳು ಸುಮ್ಮನೆ ಬರಿಗೈಯಲ್ಲಿ ನಡೆಯುವುದು ಎಂಥ ತಲೆನೋವಿನ ಕೆಲಸ ಎಂಬುದು ಜಗದಾಂಬಾಗೆ ತಿಳಿದದ್ದು ೧೯೭೬ರಲ್ಲಿ, ಹೊಟ್ಟೆಯ ಆಪರೇಷನ್ ಆದ ಮೇಲೆ. ಆಗ ಅವಳಿಗೆ ನಲವತ್ತೊಂದು ವರ್ಷ. ಹೊಕ್ಕುಳಿನ ಹತ್ತಿರ ಹರ್ನಿಯಾ ಆಗಿತ್ತು. ಅದನ್ನು ಹೊಲಿಯುವಾಗಲೇ ಡಾಕ್ಟರು ಹೊಟ್ಟೆಯಲ್ಲಿ ಜೋತುಬಿದ್ದಿದ್ದ ಕೊಬ್ಬನ್ನೂ ನಾಲ್ಕೂವರೆ ಕಿಲೋದಷ್ಟು ಕತ್ತರಿಸಿ ತೆಗೆದಿದ್ದರು. ನೋಡಲು ಬಂದವರೆಲ್ಲ, ಹೇಗಿದ್ದೀರಿ ಎನ್ನುವ ಮೊದಲು, ಎಷ್ಟು ಸೇರು ತೆಗೆದರು ಎಂದು ವಿಚಾರಿಸಿದರು. ಜೊತೆಗೆ ತುಪ್ಪದ ಮೈಸೂರುಪಾಕು ಬೇರೆ ತಂದಿದ್ದರು.

ಮನೆಗೆ ಕಳಿಸುವಾಗ ಡಾಕ್ಟರು ಕೂರಿಸಿಕೊಂಡು ಹೇಳಿದ್ದರು. "ಒಳಗಿನ ಹೊಲಿಗೆ ಗಟ್ಟಿಯಾಗೋಕೆ ಮೂರು ತಿಂಗಳು ಬೇಕಮ್ಮ. ಅಲ್ಲೀವರೆಗೂ ಒಂದು ಚೊಂಬು ನೀರಿಗಿಂತ ಭಾರ ಎತ್ತಬೇಡಿ. ಹಾಗಂತ ಮಲಗೇ ಇರಬೇಡಿ, ನಡೀರಿ. ಮೊದಲನೇ ವಾರ ಹತ್ತು ನಿಮಿಷ, ಆಮೇಲೆ ವಾರಕ್ಕೆ ಐದೈದು ನಿಮಿಷ ಜಾಸ್ತಿ ಮಾಡಿ. ನೋವು ಬಂದ್ರೆ ಅಲ್ಲೇ ನಿಂತ್ಬಿಡಿ. ಈ ಹೊಲಿಗೆ ಬಿಟ್ಕೊಂಡ್ರೆ ಇನ್ನೊಂದು ಸಲ ಹಿಡಿಯುತ್ತೆ ಅಂತ ನಾನು ಹೇಳಲಾರೆ."

ಗಂಡ ಲಕ್ಷ್ಮೀಪತಿ ಪಕ್ಕದಲ್ಲೇ ಕೂತು ತಲೆಯಾಡಿಸಿದ್ದ. ಅವನು ಸರ್ಕಾರಿ ಕಚೇರಿಯ ಗುಮಾಸ್ತ. ತಲೆಯಾಡಿಸುವುದರಲ್ಲಿ ಪಳಗಿದವನು.

ಹೊಟ್ಟೆಗೆ ಬಟ್ಟೆಯ ಪಟ್ಟಿ ಬಿಗಿದುಕೊಂಡು ಜಗದಾಂಬಾ ಮೊದಲ ದಿನ ಗೇಟು ದಾಟಿದಳು. ಎದುರುಮನೆಯ ಅಲಮೇಲು ರಂಗೋಲಿ ಬಿಟ್ಟು ಎದ್ದು ನಿಂತಳು.

"ಎಲ್ಲಿಗೆ ಹೊರಟ್ರಿ?"

"ಎಲ್ಲಿಗೂ ಇಲ್ಲ ಕಣ್ರೀ. ಸುಮ್ನೆ ನಡೀತಾ ಇದೀನಿ."

ಅಷ್ಟೇ ಸಾಕಾಯಿತು. ಕೈಯಲ್ಲಿ ಚೀಲವಿಲ್ಲ, ಹೂವಿನ ಬುಟ್ಟಿಯಿಲ್ಲ, ಗಂಡ ಜೊತೆಗಿಲ್ಲ. ಗಂಡ ಹೆಂಡಿರು ಜಗಳವಾಡಿಕೊಂಡಿದ್ದಾರೆ ಎಂದು ಸಂಜೆಯೊಳಗೆ ಬೀದಿಯೆಲ್ಲ ತೀರ್ಮಾನ ಮಾಡಿತು. ವಿಷಯ ಲಕ್ಷ್ಮೀಪತಿಯ ಕಿವಿಗೂ ಬಿತ್ತು. ಮರುದಿನ ಅವನೇ ಮೊಳೆಯಿಂದ ಬಟ್ಟೆಯ ಚೀಲ ತೆಗೆದು ಅವಳ ಕೈಗಿಟ್ಟ.

"ಖಾಲೀನೇ ಇರ್ಲಿ. ನೋಡ್ದೋರಿಗೆ ಏನೋ ಕೆಲಸಕ್ಕೆ ಹೋಗ್ತಾ ಇದಾಳೆ ಅನ್ಸತ್ತೆ."

ನಮ್ಮ ಕಡೆ ಖಾಲಿ ಚೀಲ ಕಂಡರೆ ಜನರ ಕೈ ಸುಮ್ಮನಿರುವುದಿಲ್ಲ. ಎರಡನೇ ವಾರ ಅಲಮೇಲು, ಹೇಗೂ ಹೋಗ್ತೀರಲ್ಲ, ಒಂದು ಕಟ್ಟು ಕೊತ್ತಂಬರಿ ತನ್ನಿ ಎಂದಳು. ಮೂರನೇ ವಾರ ಅದಕ್ಕೆ ಮಂಗಳೂರು ಸೌತೆ ಸೇರಿತು. ನಾಲ್ಕನೇ ವಾರ ಮೂಲೆಮನೆಯವರು ದೇವಸ್ಥಾನಕ್ಕೆಂದು ಮೂರು ತೆಂಗಿನಕಾಯಿ ಚೀಲಕ್ಕಿಳಿಸಿದರು. ದೇವರ ಕೆಲಸವನ್ನು ಬೇಡವೆನ್ನುವುದು ಹೇಗೆ? ಜಗದಾಂಬಾಗೆ ಮೈಯೆಲ್ಲ ಉರಿಯುತ್ತಿತ್ತು, ಬಾಯಿ ಮಾತ್ರ "ಅದಕ್ಕೇನಂತೆ" ಎನ್ನುತ್ತಿತ್ತು. ಈ ಹಾಳು ಬಾಯಿಗೂ ಎರಡು ಹೊಲಿಗೆ ಹಾಕಿಸಿಕೊಂಡು ಬರಬೇಕಿತ್ತು ಎಂದುಕೊಂಡಳು.

ಮನೆಯಲ್ಲಿ ಹೇಳಿಕೊಂಡರೆ ಲಕ್ಷ್ಮೀಪತಿ ಪೇಪರಿನಿಂದ ತಲೆ ಎತ್ತದೆ, "ನಡೆದ್ರೆ ಒಳ್ಳೇದು ಅಂತ ಡಾಕ್ಟ್ರೇ ಹೇಳಿದಾರಲ್ಲ," ಎನ್ನುತ್ತಿದ್ದ. ಡಾಕ್ಟರು ಹೇಳಿದ್ದರಲ್ಲಿ ಅರ್ಧವಷ್ಟೇ ಅವನಿಗೆ ನೆನಪಿತ್ತು.

ಏಳನೇ ವಾರ, ನಲವತ್ತು ನಿಮಿಷದ ನಡಿಗೆಗೆ ಹೊರಟಿದ್ದ ದಿನ, ಅವನು ಚೀಲದೊಳಗೆ ರೇಷನ್ ಕಾರ್ಡು ಹಾಕಿದ. "ಗೋಧಿ ಬಂದಿದೆಯಂತೆ. ಇವತ್ತು ಬಿಟ್ರೆ ಖಾಲಿ ಆಗೋಗತ್ತೆ. ನಿನ್ ದಾರೀಲೇ ಅಲ್ವಾ ಡಿಪೋ?"

ಅವನು ಆಗಲೇ ಶೇವಿಂಗ್ ಬ್ರಷ್ಷು ಹಿಡಿದು ಕನ್ನಡಿಯ ಕಡೆ ತಿರುಗಿದ್ದ.

ಡಿಪೋದವನು ಅಳೆದು ಸುರಿದ ಗೋಧಿ ಹತ್ತು ಕಿಲೋ. ಕೌಂಟರಿನಿಂದ ಚೀಲ ಎಳೆದುಕೊಂಡು ಇಪ್ಪತ್ತು ಹೆಜ್ಜೆ ಇಟ್ಟಿರಲಿಲ್ಲ, ಹೊಕ್ಕುಳಿನ ಎಡಗಡೆ ಏನೋ ಚುರ್ ಎಂದಿತು. ಜಗದಾಂಬಾ ನಿಂತುಬಿಟ್ಟಳು. ಹೆದರಿಕೆಗೆ ಆಪರೇಷನ್ ಕೋಣೆ ಕಣ್ಣೆದುರು ಬಂತು. ಮತ್ತೆ ಅದೇ ಟೇಬಲ್ಲು, ಅದೇ ಕತ್ತರಿ, ಈ ಸಲ ಹಿಡಿಯದ ಹೊಲಿಗೆ. ಮೆಲ್ಲಗೆ ಚೀಲವನ್ನು ಮೋರಿಕಟ್ಟೆಯ ಮೇಲಿಟ್ಟು, ಹೊಟ್ಟೆಗೆ ಅಂಗೈ ಒತ್ತಿ ಉಸಿರು ಬಿಟ್ಟಳು. ಉಬ್ಬು ಏನೂ ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು, ಸಿಟ್ಟು ಏರಿತು.

ಅಷ್ಟರಲ್ಲಿ ಲಕ್ಷ್ಮೀಪತಿ ಟಿಫಿನ್ ಡಬ್ಬಿ ಹಿಡಿದು ಬಸ್‌ಸ್ಟಾಪಿನ ಕಡೆ ಬರುತ್ತಿದ್ದವನು ಅವಳನ್ನು ಕಂಡು ಗಾಬರಿಯಾದ.

"ಇದೇನೇ, ಗೋಧಿ ಬೀದೀಲಿ ಇಟ್ಕೊಂಡು ನಿಂತಿದೀಯ? ಯಾರಾದ್ರೂ ಎತ್ಕೊಂಡು ಹೋದ್ರೆ?"

"ಹೋಗ್ಲಿ ಬಿಡಿ. ಯಾರೋ ಒಬ್ರು ಎತ್ತಿದ ಹಾಗಾಗುತ್ತೆ."

"ಏನಾಯ್ತು ಈಗ?"

"ಹೊಲಿಗೆ ಹತ್ರ ನೋವು ಬಂತು. ಇವತ್ತೇ ಡಾಕ್ಟರಿಗೆ ತೋರಿಸ್ಬೇಕು. ಇನ್ಮೇಲೆ ಈ ಚೀಲಾನ ನಾನು ಮುಟ್ಟಲ್ಲ."

ಡಿಪೋದ ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಇತ್ತ ತಿರುಗಿದರು. ಲಕ್ಷ್ಮೀಪತಿ ಅವಳ ಹೊಟ್ಟೆಯ ಮೇಲಿದ್ದ ಕೈ ನೋಡಿದ. ಈ ಸಲ ತಲೆಯಾಡಿಸಲಿಲ್ಲ. ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇಸ್ತ್ರಿ ಷರಟಿನಲ್ಲೇ ಬಗ್ಗಿ ಚೀಲವನ್ನೆತ್ತಿ ಮನೆಯ ಕಡೆ ಹೊರಟ. ಜಗದಾಂಬಾ ಹಿಂದೆ ನಿಧಾನವಾಗಿ ಬಂದಳು. ತಿರುವು ಬರುವುದರೊಳಗೆ ಅವನು ಎರಡು ಸಲ ಚೀಲ ಕೆಳಗಿಟ್ಟ. ಎರಡನೆಯ ಸಲ ಬೆರಳು ಉಜ್ಜಿಕೊಳ್ಳುತ್ತ, ಏದುಸಿರಿನಲ್ಲಿ ಕೇಳಿದ.

"ಇಷ್ಟೊಂದು ಭಾರ ಇರುತ್ತಾ ಇದು?"

"ಇಪ್ಪತ್ತು ವರ್ಷದಿಂದ ಇಷ್ಟೇ ಇದೆ ಕಣ್ರೀ," ಎಂದಳು ಜಗದಾಂಬಾ.